ರಾತ್ರಿ ಎರಡು ಗಂಟೆಯ ಸ್ಯಾಂಪಲ್

ದಾವಣಗೆರೆಯ ಕೊಳಚೆ ನೀರಿನ ಘಟಕವೊಂದನ್ನು ಹೊಸ ನಿಯಮಕ್ಕೆ ತಕ್ಕಂತೆ ಮೇಲ್ದರ್ಜೆಗೇರಿಸಲು ಲೆಕ್ಕ ಹಾಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನೀರಿನಲ್ಲಿರುವ ಸಾವಯವ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕು ಅನ್ನುವ ಅಳತೆಯೇ ಬಿಒಡಿ; ಕೊಳೆ ಹೆಚ್ಚಿದ್ದಷ್ಟೂ ಅದು ಹೆಚ್ಚು. 2017ರ ಅಧಿಸೂಚನೆಯಲ್ಲಿ ನಮ್ಮಂಥ ಊರುಗಳಿಗೆ, ಶುದ್ಧೀಕರಿಸಿ ಹೊರಬಿಡುವ ನೀರಿನಲ್ಲಿ ಬಿಒಡಿ ಲೀಟರಿಗೆ 30 ಮಿಲಿಗ್ರಾಂವರೆಗೆ ಇರಬಹುದಿತ್ತು. 2019ರಲ್ಲಿ ಹಸಿರು ನ್ಯಾಯಪೀಠ ಅದನ್ನು 10ಕ್ಕೆ ಇಳಿಸಿತು. ಒಟ್ಟು ನೈಟ್ರೋಜನ್ ಕೂಡ 10 ದಾಟಬಾರದು ಎಂದಿತು. ನಿಜವಾದ ಕಷ್ಟ ಇರುವುದು ಈ ನೈಟ್ರೋಜನ್‌ನಲ್ಲೇ. ಹರಿಹರದಿಂದ ಕೆಳಗಿನ ತುಂಗಭದ್ರೆ 2018ರಲ್ಲೇ ಕಲುಷಿತ ನದಿಗಳ ಪಟ್ಟಿ ಸೇರಿದ್ದಳು. ಹಾಗಾಗಿ ನಿಯಮ ಜಾಸ್ತಿಯಾಯಿತು ಅಂತ ನನಗೆ ಯಾವತ್ತೂ ಅನಿಸಿಲ್ಲ.

ನನ್ನ ಹತ್ತಿರ ಇದ್ದದ್ದು ಬೆಳಗ್ಗೆ ಹನ್ನೊಂದರ ಸುಮಾರಿಗೆ ತೆಗೆದ ಸ್ಯಾಂಪಲ್‌ಗಳ ರಿಪೋರ್ಟು. ಅದನ್ನೇ ನಂಬಿ ಟ್ಯಾಂಕಿನ ಅಳತೆ, ಅದಕ್ಕೆ ಗಾಳಿ ಊದುವ ಬ್ಲೋವರ್ ಸೈಜು ಎಲ್ಲ ಬರೆದಿದ್ದೆ. ಘಟಕದ ಹಿರಿಯ ಆಪರೇಟರ್ ಡ್ರಾಯಿಂಗ್ ನೋಡಿ ಹೇಳಿದರು: "ಸರ್, ಹಗಲು ಬರೋ ನೀರೇ ಬೇರೆ. ಒಂದಿನ ರಾತ್ರಿ ಬಂದು ನೋಡ್ರಿ."

ಹೋದೆ. ಊರಿನ ಕೊಳಚೆ ನೀರು ಬಂದು ಸೇರುವ ಬಾವಿ, ಅಂದರೆ ವೆಟ್‌ವೆಲ್ ಪಕ್ಕ ನಿಂತು ಎರಡು ಗಂಟೆಗೊಂದು ಬಾಟಲಿಯಂತೆ ಇಡೀ ದಿನದ ಸ್ಯಾಂಪಲ್ ತುಂಬಿದೆವು. ರಾತ್ರಿ ಎರಡಕ್ಕೆ ನೀರಿನ ಬಣ್ಣ ಹಳದಿಗೆ ತಿರುಗಿತು. ನೆನೆದ ಭತ್ತದ ಹುಳಿ ವಾಸನೆ. ಮಂಡಕ್ಕಿ ಭಟ್ಟಿಗಳ ನೀರು ಅಂತ ಈ ಊರಿನವರಿಗೆ ಹೇಳಬೇಕಾಗಿಲ್ಲ, ಅಲ್ವಾ? ಆ ಬಾಟಲಿಯ ಬಿಒಡಿ ಹಗಲಿನದಕ್ಕಿಂತ ಬಹಳ ಜಾಸ್ತಿ ಬಂತು.

ಇದರಿಂದ ನನ್ನ ಲೆಕ್ಕವೆಲ್ಲ ಬದಲಾಯಿತು. ನೈಟ್ರೋಜನ್ ಹೋಗುವುದು ಎರಡು ಹಂತದಲ್ಲಿ. ಮೊದಲು ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಒಂದು ಕಿಲೋ ಅಮೋನಿಯಾ ನೈಟ್ರೋಜನ್‌ಗೆ ಸುಮಾರು 4.6 ಕಿಲೋ ಆಮ್ಲಜನಕ ಬೇಕು. ಕರೆಂಟ್ ಬಿಲ್ ಏರುವುದು ಇಲ್ಲೇ. ಆಮೇಲೆ ಗಾಳಿ ಇಲ್ಲದ ಟ್ಯಾಂಕಿನಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಆ ನೈಟ್ರೇಟನ್ನು ನೈಟ್ರೋಜನ್ ಅನಿಲ ಮಾಡಿ ಬಿಡುತ್ತವೆ. ಅವಕ್ಕೆ ಹೊಟ್ಟೆಗೆ ಬೇಕಾದದ್ದು ಬಿಒಡಿ, ಅಂದರೆ ಆ ಸಾವಯವ ಕೊಳೆಯೇ. ಹಗಲಿನ ನೀರಿನಲ್ಲಿ ಅದು ಕಮ್ಮಿ ಅಂತ ನಾನು ದಿನಾ ರಾಸಾಯನಿಕ ಕೊಂಡು ಸುರಿಯುವ ಖರ್ಚು ಸೇರಿಸಿದ್ದೆ. ಆ ಆಹಾರ ರಾತ್ರಿ ತಾನಾಗಿಯೇ ಬರುತ್ತಿತ್ತು!

ಆದರೆ ಅದು ಒಮ್ಮೆಲೇ ನುಗ್ಗುತ್ತದೆ. ನೇರ ಒಳಗೆ ಬಿಟ್ಟರೆ ಆ ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳೇ ಆಮ್ಲಜನಕ ಬಳಸಿಬಿಡುತ್ತವೆ, ಮೊದಲ ಹಂತದ ಬ್ಯಾಕ್ಟೀರಿಯಾಗಳು ಅದು ಸಿಗದೆ ಸೊರಗುತ್ತವೆ. ಅವು ನಿಧಾನವಾಗಿ ಬೆಳೆಯುವ ಜೀವಿಗಳು, ಒಮ್ಮೆ ಸತ್ತರೆ ಮತ್ತೆ ಬೆಳೆಯಲು ವಾರಗಳೇ ಬೇಕು. ಅದಕ್ಕೇ ಡ್ರಾಯಿಂಗ್‌ನಲ್ಲಿ ಈ ಟ್ಯಾಂಕುಗಳಿಗಿಂತ ಮೊದಲು ಒಂದು ದೊಡ್ಡ ತೊಟ್ಟಿ ಹಾಕಿದೆ. ರಾತ್ರಿಯ ನೀರು ಅಲ್ಲಿ ನಿಂತು, ಹಗಲಿನ ನೀರಿನ ಜೊತೆ ಬೆರೆತು ಹದವಾಗಿ ಒಳಗೆ ಹೋಗುತ್ತದೆ. ರಾಸಾಯನಿಕದ ಖರ್ಚು ಬಹುಪಾಲು ತೆಗೆದುಹಾಕಿದೆ.

ಮಳೆಗಾಲದ ಸ್ಯಾಂಪಲ್ ಇನ್ನೂ ಬಾಕಿ ಇದೆ. ಮಳೆನೀರು ಯುಜಿಡಿಗೆ (ಒಳಚರಂಡಿಗೆ) ನುಗ್ಗಿದಾಗ ಎಲ್ಲ ತೆಳುವಾಗುತ್ತದೆ. ಜೋರು ಮಳೆ ಬಿದ್ದ ರಾತ್ರಿ ಫೋನ್ ಮಾಡಿ ಅಂತ ಆ ಹಿರಿಯರಿಗೆ ಹೇಳಿಟ್ಟಿದ್ದೇನೆ.