ಕೊಟೇಷನ್ನಿನ ಒಂಬತ್ತನೇ ಸಾಲು

ಕಾರಿನ ಕೊಟೇಷನ್ ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಓದುವವರು ಕಡಿಮೆ. ಕಣ್ಣು ಸೀದಾ ತಳದಲ್ಲಿರುವ ದಪ್ಪಕ್ಷರದ ಮೊತ್ತಕ್ಕೇ ಇಳಿಯುತ್ತದೆ. ನಾನು ಪದವಿಪೂರ್ವ ಕಾಲೇಜಿನಲ್ಲಿ ವ್ಯವಹಾರ ಅಧ್ಯಯನ ಪಾಠ ಮಾಡುವವಳು. ಮೊತ್ತಕ್ಕಿಂತ ಮೊದಲು ಸಾಲುಗಳನ್ನು ನೋಡುವುದು ಕಸುಬಿನಿಂದ ಅಂಟಿದ ಚಟ. ದಾವಣಗೆರೆಯ ಪಿ.ಬಿ. ರಸ್ತೆಯ ಶೋರೂಮಿನಲ್ಲಿ ಆ ಶನಿವಾರ ಮಧ್ಯಾಹ್ನ ನನ್ನ ಮುಂದಿಟ್ಟ ಕಾಗದದಲ್ಲಿ ಎಕ್ಸ್‌ಶೋರೂಂ ಬೆಲೆ, ಆಜೀವ ತೆರಿಗೆ, ನೋಂದಣಿ, ವಿಮೆ, ಫಾಸ್ಟ್ಯಾಗ್, ಸೀಟ್ ಕವರು, ನೆಲಹಾಸು ಎಲ್ಲ ಮುಗಿದ ಮೇಲೆ ಒಂಬತ್ತನೇ ಸಾಲಿನಲ್ಲಿ ಎಕ್ಸ್‌ಟೆಂಡೆಡ್ ವಾರಂಟಿ, 16,000 ರೂಪಾಯಿ ಎಂದಿತ್ತು. ಅದನ್ನು ನಾವ್ಯಾರೂ ಕೇಳಿರಲಿಲ್ಲ. ಲಗ್ನಪತ್ರಿಕೆಯಲ್ಲಿ ಯಾರೋ ಸೇರಿಸಿದ ನೆಂಟರ ಹೆಸರಿನ ಹಾಗೆ ತಾನಾಗಿಯೇ ಬಂದು ಕೂತಿತ್ತು.

"ಅದನ್ನು ಎಲ್ಲರೂ ತೆಗೆದುಕೊಳ್ಳುತ್ತಾರೆ ಮೇಡಂ" ಎಂದ ಮಾರಾಟ ಪ್ರತಿನಿಧಿ. ಮಾತು ನನಗೆ, ಮುಖ ಮಾತ್ರ ನಮ್ಮ ಮನೆಯವರ ಕಡೆಗೆ. ಕಾರು ಓಡಿಸುವವಳು ನಾನು, ಸಾಲದ ಕಂತು ಕಟ್ಟುವವಳೂ ನಾನು ಎಂದು ಮೊದಲೇ ಹೇಳಿದ್ದೆ. ಆದರೂ ಅವನ ಕುತ್ತಿಗೆ ತಿರುಗಲು ಒಪ್ಪಲಿಲ್ಲ.

"ಬೇಡ ಎಂದರೆ?"

"ಬೇಡ ಎಂದರೆ ತೆಗೆದುಬಿಡೋಣ ಮೇಡಂ. ಆದರೆ ಆಮೇಲೆ ಬೇಕೆಂದರೆ ಈ ರೇಟಿಗೆ ಸಿಗುವುದಿಲ್ಲ."

ಹುಡುಗ ಜಾಣ. ತೆಗೆದುಕೊಳ್ಳಲೇಬೇಕು ಎಂದು ಅವನು ಹೇಳಲಿಲ್ಲ. ಒಂದು ವಸ್ತು ಕೊಡಬೇಕಾದರೆ ಇನ್ನೊಂದನ್ನೂ ಕೊಳ್ಳಬೇಕು ಎಂದು ಷರತ್ತು ಹಾಕಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ನಿರ್ಬಂಧಿತ ವ್ಯಾಪಾರ ಪದ್ಧತಿ. ಅದನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳಿಕೊಡುತ್ತೇನೆ. ಬಾಯಿಗೆ ಬಂದಿದ್ದ ಪಾಠವನ್ನು ನುಂಗಿಕೊಂಡೆ. ಅವನು ಇನ್ನೊಂದು ಬಾಣ ಬಿಟ್ಟ: 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆಯಲ್ಲ, ಹಾಗೆ ಉಳಿದ ಹಣದಲ್ಲಿ ಒಂದು ಚೂರನ್ನು ಇದಕ್ಕೆ ಹಾಕಿ ಎಂದು. ಸರ್ಕಾರ ಬಿಟ್ಟುಕೊಟ್ಟ ದುಡ್ಡು ನಮ್ಮ ಮನೆ ತಲುಪುವ ಮೊದಲೇ ಅದಕ್ಕೊಂದು ಖರ್ಚು ಹುಡುಕಿ ಇಟ್ಟಿದ್ದರು.

ವಿಷಯ ಇಷ್ಟು. ಆ ಕಾರಿಗೆ ಕಂಪನಿ ಕೊಡುವ ಮಾಮೂಲು ವಾರಂಟಿ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಯವರೆಗೆ. 16,000 ಕಟ್ಟಿದರೆ ಅದು 5 ವರ್ಷ ಅಥವಾ 1.4 ಲಕ್ಷ ಕಿಲೋಮೀಟರಿಗೆ ಬೆಳೆಯುತ್ತದೆ. "ಯಾವುದು ಮೊದಲು" ಎಂಬ ಮಾತನ್ನು ಅವನು ಒಂದೇ ಉಸಿರಿಗೆ ಹೇಳಿ ಮುಗಿಸಿದ. ಇಡೀ ಲೆಕ್ಕ ನಿಂತಿರುವುದೇ ಆ ಎರಡು ಪದಗಳ ಮೇಲೆ.

ನಮ್ಮ ಮನೆಯವರ ಅಕ್ಕನ ಮಗ ಬೆಂಗಳೂರಿಗೆ ಬಾಡಿಗೆ ಕಾರು ಓಡಿಸುತ್ತಾನೆ. ಅವನ ಓಟಕ್ಕೆ ಒಂದು ಲಕ್ಷ ಕಿಲೋಮೀಟರ್ ಎರಡು ವರ್ಷವೂ ಬಾಳುವುದಿಲ್ಲ. ಅಂಥವನು ಇದನ್ನು ಕೊಂಡರೆ ಸಿಗುವುದು ಎರಡು ವರ್ಷವಲ್ಲ, ಹೆಚ್ಚುವರಿ ನಲವತ್ತು ಸಾವಿರ ಕಿಲೋಮೀಟರ್ ಮಾತ್ರ. ಕೆಲವೇ ತಿಂಗಳಲ್ಲಿ ಅದೂ ಖಾಲಿ. ಇನ್ನೊಂದು ತುದಿಯಲ್ಲಿ ನಮ್ಮ ಮಾವನ ಗೆಳೆಯರೊಬ್ಬರು ಇದ್ದಾರೆ. ಅವರ ಕಾರು ಸೋಮವಾರ ದೇವಸ್ಥಾನಕ್ಕೆ, ಅಪರೂಪಕ್ಕೆ ಹರಿಹರಕ್ಕೆ. ನಿಂತೇ ಇರುವ ಗಾಡಿಯಲ್ಲಿ ಮೊದಲು ಸಾಯುವುದು ಬ್ಯಾಟರಿ. ಬ್ಯಾಟರಿಯ ವಾರಂಟಿ ಬ್ಯಾಟರಿ ತಯಾರಕರದು, ಟೈರಿನದು ಟೈರ್ ತಯಾರಕರದು. ಕಾರು ಕಂಪನಿಯ ವಿಸ್ತರಣೆಗೂ ಅವಕ್ಕೂ ಸಂಬಂಧವಿಲ್ಲ. ನಾನು ಇವರಿಬ್ಬರ ನಡುವಿನವಳು. ದಾವಣಗೆರೆಯಿಂದ ಭರಮಸಾಗರದ ಕಾಲೇಜಿಗೆ ಹೋಗಿ ಬರುವುದು ಎಂದರೆ 70 ಕಿಲೋಮೀಟರ್ ಆಸುಪಾಸು. ಊರು ಸುತ್ತಾಟವೂ ಸೇರಿ ವರ್ಷಕ್ಕೆ ಹದಿನೆಂಟರಿಂದ ಇಪ್ಪತ್ತು ಸಾವಿರ ಎಂದುಕೊಂಡರೆ, ನನ್ನ ಮಟ್ಟಿಗೆ ಮೊದಲು ಮುಗಿಯುವುದು ವರ್ಷ, ಕಿಲೋಮೀಟರ್ ಅಲ್ಲ. ಅಂದರೆ ನಾಲ್ಕನೆಯ ಮತ್ತು ಐದನೆಯ ವರ್ಷ ನನಗೆ ಪೂರ್ತಿಯಾಗಿ ಸಿಗುತ್ತವೆ.

ಷರತ್ತುಗಳ ಪುಸ್ತಕ ಕೊಡಿ, ಓದಿ ಹೇಳುತ್ತೇನೆ ಎಂದೆ. "ಪುಸ್ತಕ ಡೆಲಿವರಿ ದಿನ ಗಾಡಿಯೊಳಗೇ ಬರುತ್ತದೆ ಮೇಡಂ" ಎಂದ. ದುಡ್ಡು ಮೊದಲು, ಕರಾರು ಆಮೇಲೆ! ಸೋಮವಾರದವರೆಗೆ ಸಮಯ ಕೇಳಿ ಎದ್ದೆವು.

ಅದೇ ಕಂಪನಿಯ ಕಾರು ನಮ್ಮ ಕಾಲೇಜಿನ ಇತಿಹಾಸದ ಮೇಷ್ಟರ ಹತ್ತಿರ ಇದೆ. ಇಷ್ಟು ದಿನ ನಾವು ಕೆಲವರು ಪೆಟ್ರೋಲ್ ಹಂಚಿಕೊಂಡು ಓಡಾಡುತ್ತಿದ್ದದ್ದು ಅದರಲ್ಲಿಯೇ. ಭಾನುವಾರ ಬೆಳಿಗ್ಗೆ ವಿದ್ಯಾನಗರದ ಅವರ ಮನೆಗೆ ಹೋಗಿ, ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯೂ ಹರಿಯದೆ ಮಲಗಿದ್ದ ಪುಸ್ತಕವನ್ನು ತೆಗೆದು ಅವರ ಕಾರಿನಲ್ಲಿಯೇ ಕೂತು ಓದಿದೆ. ಅವರ ಹೆಂಡತಿ ಕಾರಿನ ಕಿಟಕಿಗೇ ಚಹಾ ತಂದುಕೊಟ್ಟರು. "ಇವರು ಕೆಳದಿ ಅರಸರ ಶಾಸನ ಓದುತ್ತಾರೆ, ಇದನ್ನು ಮುಟ್ಟಿಲ್ಲ" ಎಂದು ನಕ್ಕರು.

ವಾರಂಟಿ ಒಪ್ಪಿಕೊಳ್ಳುವುದು ಒಂದನ್ನೇ: ತಯಾರಿಕೆಯಲ್ಲಿ ಅಥವಾ ಬಳಸಿದ ಸಾಮಗ್ರಿಯಲ್ಲಿ ದೋಷವಿದ್ದು ಭಾಗ ಕೆಟ್ಟಿರಬೇಕು. ಬಳಸಿ ಸವೆದದ್ದು ಅದಕ್ಕೆ ಸೇರುವುದಿಲ್ಲ. ಹೀಗಾಗಿ ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ವೈಪರು, ಬೆಲ್ಟು, ಬಲ್ಬು, ಫಿಲ್ಟರು, ಆಯಿಲ್ ಎಲ್ಲವೂ ಹೊರಗೆ. ಮನೆಯಲ್ಲಿ ಕಾರು ಇಟ್ಟವರು ನಾಲ್ಕನೆಯ ವರ್ಷ ಸಾಮಾನ್ಯವಾಗಿ ದುಡ್ಡು ಸುರಿಯುವುದು ಇವುಗಳಿಗೇ ಅಲ್ಲವೇ? ಇನ್ನೂ ಇದೆ. ಪ್ರತಿ ಸರ್ವಿಸನ್ನೂ ಹೇಳಿದ ಅವಧಿಯೊಳಗೆ ಕಂಪನಿಯ ಅಧಿಕೃತ ವರ್ಕ್‌ಶಾಪಿನಲ್ಲಿಯೇ ಮಾಡಿಸಿರಬೇಕು. ವೈರ್ ಕತ್ತರಿಸಿ ಬೇರೆ ಹಾರ್ನು, ಬೇರೆ ಲೈಟು ಹಾಕಿಸಿರಬಾರದು. ನೀರು ನುಗ್ಗಿ ಎಂಜಿನ್ ಕೆಟ್ಟರೆ ವಾರಂಟಿ ಇಲ್ಲ, ಅದು ವಿಮೆಯ ಬಾಬತ್ತು. ಅದಕ್ಕೂ ಎಂಜಿನ್ ರಕ್ಷಣೆ ಎಂಬ ಬೇರೆ ಸೇರ್ಪಡೆ ಬೇಕು.

ನನ್ನನ್ನು ತಡೆದು ನಿಲ್ಲಿಸಿದ್ದು ಸರ್ವಿಸ್ ಷರತ್ತು. ಬೆಂಗಳೂರಿನಲ್ಲಿರುವವರಿಗೆ ಒಂದು ವರ್ಕ್‌ಶಾಪ್ ಹಿಡಿಸದಿದ್ದರೆ ಇನ್ನೊಂದು, ಮತ್ತೊಂದು. ನಮ್ಮಂಥ ಊರಿನಲ್ಲಿ ಒಂದು ಕಂಪನಿಗೆ ಒಂದೋ ಎರಡೋ ವರ್ಕ್‌ಶಾಪ್. ಅಲ್ಲಿನ ಸೂಪರ್‌ವೈಸರ್ ಜೊತೆ ಒಮ್ಮೆ ಮುಖ ಕೆಟ್ಟರೆ ಮುಂದಿನ ದಾರಿ ಚಿತ್ರದುರ್ಗ, ಇಲ್ಲವೇ ಶಿವಮೊಗ್ಗ. ಒಂಬತ್ತನೇ ಸಾಲಿನಲ್ಲಿದ್ದದ್ದು ವಾರಂಟಿಯ ಪೂರ್ತಿ ಬೆಲೆಯಲ್ಲ. ಐದು ವರ್ಷ ಬೇರೆ ಕಡೆ ಹೋಗುವುದಿಲ್ಲ ಎಂದು ಬರೆದುಕೊಡುವುದೂ ಅದರ ಬೆಲೆಯೇ, ಮತ್ತು ಅದನ್ನು ಯಾರೂ ಕೊಟೇಷನ್ನಿನಲ್ಲಿ ಕಾಣಿಸುವುದಿಲ್ಲ. ಒಂದು ಒಳ್ಳೆಯ ಅಂಶವೂ ಕಂಡಿತು: ಈ ವಿಸ್ತರಣೆ ಕೊಡುವವರು ಡೀಲರ್ ಅಲ್ಲ, ಕಂಪನಿಯೇ. ಡೀಲರ್ ತನ್ನದೇ ಯೋಜನೆ ಮಾಡಿ ಮಾರಿದ್ದರೆ ಅದು ಅವನ ಬಾಗಿಲಿನ ಆಚೆಗೆ ನಡೆಯದೆ ಹೋಗಬಹುದು. ಕಂಪನಿಯದಾದರೆ ಮಗಳು ಓದುವ ಊರಿಗೆ ಹೋದಾಗ ಕೆಟ್ಟರೂ ಅಲ್ಲಿಯೇ ತೋರಿಸಬಹುದು.

ಅಲ್ಲಿಂದ ಹದಡಿ ರಸ್ತೆಯ ನಮ್ಮ ಮೆಕ್ಯಾನಿಕ್ ಹತ್ತಿರ ಹೋದೆ. ಮಾವನ ಹಳೆಯ ಸ್ಕೂಟರ್ ಕಾಲದಿಂದ ನಮ್ಮ ಮನೆಯ ಗಾಡಿಗಳೆಲ್ಲ ಅವನ ಕೈಯಲ್ಲಿಯೇ ಬೆಳೆದವು. ವಾರಂಟಿ ಕೊಂಡರೆ ನಷ್ಟವಾಗುವುದು ಅವನಿಗೇ. ಹಾಗಾಗಿ ಅವನನ್ನು ಕೇಳುವುದು ಸರಿಯೋ ತಪ್ಪೋ ಎಂಬ ಅಳುಕಿತ್ತು. ಅವನು ಆಗ ಗೋಣಿತಾಟಿನ ಮೇಲೆ ಒಂದು ಕಾರಿನ ವೈರಿಂಗ್ ಹರಡಿಕೊಂಡು ಕೂತಿದ್ದ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಗೋದಾಮಿನ ಪಕ್ಕ ನಿಲ್ಲಿಸಿದ್ದ ಗಾಡಿಯಂತೆ. ಕಪ್ಪು ಟೇಪು ಸುಲಿದು ಬಂದಿತ್ತು. ಒಳಗಿನ ಹಸಿರು, ಹಳದಿ ತಂತಿಗಳ ಹೊದಿಕೆಯ ಮೇಲೆ ಸಾಲಾಗಿ ಪುಟ್ಟ ಪುಟ್ಟ ಹಲ್ಲಿನ ಗುರುತು, ಅಲ್ಲಲ್ಲಿ ತಾಮ್ರದ ಎಳೆಗಳು ಮೀಸೆಯಂತೆ ಎದ್ದು ನಿಂತಿದ್ದವು. ತಂತಿಗಳ ಕಟ್ಟಿನ ನಡುವೆ ಮೆಕ್ಕೆಜೋಳದ ಒಂದು ಕಾಳು ಸಿಕ್ಕಿಕೊಂಡಿತ್ತು. ಊಟ ಅಲ್ಲಿಯೇ ತಂದುಕೊಂಡು ಕಡಿದಿದೆ ಇಲಿ.

"ಇದಕ್ಕೆ ವಾರಂಟಿ ಇತ್ತಾ?" ಎಂದೆ.

"ಇತ್ತು ಅಕ್ಕಾ, ಐದು ವರ್ಷದ್ದು. ಇಲಿ ಕಡಿದದ್ದು ನಮ್ಮ ತಪ್ಪಲ್ಲ ಎಂದು ವಾಪಸ್ ಕಳಿಸಿದ್ದಾರೆ. ವಿಮೆಯಲ್ಲಿ ಕೇಳಿ ನೋಡಿ ಎಂದು ನಾನೂ ಹೇಳಿದ್ದೇನೆ."

ವಿಮೆಯ ತತ್ವಗಳಲ್ಲಿ ಸಮೀಪದ ಕಾರಣ ಎಂದು ಒಂದು ಬರುತ್ತದೆ. ನಷ್ಟಕ್ಕೆ ಹತ್ತಿರದ, ಪರಿಣಾಮಕಾರಿ ಕಾರಣ ಯಾವುದು ಎಂದು ನೋಡಿ ಪರಿಹಾರ ತೀರ್ಮಾನಿಸುವುದು. ಪುಸ್ತಕದಲ್ಲಿ ಮುಳುಗಿದ ಹಡಗಿನ ಉದಾಹರಣೆ ಕೊಟ್ಟು ಕೊಟ್ಟು ಸಾಕಾಗಿತ್ತು. ಕಡಲನ್ನೇ ನೋಡದ ನಮ್ಮ ಮಕ್ಕಳಿಗೆ ಈ ಇಲಿಯೇ ಮೇಲು ಎನ್ನಿಸಿತು.

ನಾನು ಕೊಳ್ಳುತ್ತಿರುವುದು ಎಎಂಟಿ ಕಾರು, ಕ್ಲಚ್ ಪೆಡಲ್ ಇಲ್ಲದ್ದು ಎಂದಾಗ ಅವನು ಕೈ ಒರೆಸಿಕೊಂಡು ಎದ್ದ. ಶೆಡ್ಡಿನ ಮೂಲೆಯಲ್ಲಿದ್ದ ಒಂದು ಕಾರಿನ ಬಾನೆಟ್ ಎತ್ತಿ ಗಿಯರ್‌ಬಾಕ್ಸಿನ ನೆತ್ತಿಯ ಮೇಲೆ ಕೂತ ಪೆಟ್ಟಿಗೆಯೊಂದನ್ನು ಟಾರ್ಚ್ ಬಿಟ್ಟು ತೋರಿಸಿದ. ಪಕ್ಕಕ್ಕೊಂದು ಎಣ್ಣೆಯ ಪುಟ್ಟ ಡಬ್ಬಿ, ಒಂದು ಮೋಟಾರು, ಸುತ್ತ ಕವಾಟಗಳು. ಕ್ಲಚ್ ಬಿಡಿಸುವುದು, ಗಿಯರ್ ಬದಲಿಸುವುದು ಎರಡನ್ನೂ ಇದೇ ಮಾಡುತ್ತದೆ. "ಗಿಯರ್‌ಬಾಕ್ಸ್ ಬಿಚ್ಚು ಎಂದರೆ ಕಣ್ಣು ಮುಚ್ಚಿ ಬಿಚ್ಚುತ್ತೇನೆ. ಇದನ್ನು ಮಾತ್ರ ನಾನು ಮುಟ್ಟುವುದಿಲ್ಲ. ಕಂಪನಿಯ ಕಂಪ್ಯೂಟರ್ ಹಾಕಿ ಹೊಂದಿಸದಿದ್ದರೆ ಗಾಡಿ ಮುಂದಕ್ಕೆ ಹೋಗುವುದಿಲ್ಲ. ಪೂರ್ತಿ ಬದಲಿಸಿದರೆ ಐವತ್ತು ಸಾವಿರದ ಹತ್ತಿರ ಹತ್ತಿರ ಕೇಳುತ್ತಾರೆ."

"ಹಾಗಾದರೆ ತೆಗೆದುಕೊಳ್ಳಲಾ?"

"ಗಿಯರ್ ನೀವೇ ಹಾಕುವ ಗಾಡಿಯಾಗಿದ್ದರೆ ಬೇಡ, ನನ್ನ ಹತ್ತಿರ ಬನ್ನಿ ಎನ್ನುತ್ತಿದ್ದೆ. ಇದಕ್ಕೆ ತೆಗೆದುಕೊಳ್ಳಿ ಅಕ್ಕಾ."

ರಾತ್ರಿ ಊಟವಾದ ಮೇಲೆ ಲೆಕ್ಕಕ್ಕೆ ಕೂತೆ. 16,000 ರೂಪಾಯಿಯನ್ನು ಕಾರಿನ ಸಾಲದೊಳಗೇ ಸೇರಿಸುತ್ತೇವೆ, ನಿಮಗೆ ಗೊತ್ತೇ ಆಗುವುದಿಲ್ಲ ಎಂದು ಶೋರೂಮಿನ ಹುಡುಗ ಹೇಳಿದ್ದ. ಶೇಕಡಾ 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಹರಡಿದರೆ ತಿಂಗಳಿಗೆ 332 ರೂಪಾಯಿ, ಒಟ್ಟು ಇಪ್ಪತ್ತು ಸಾವಿರಕ್ಕೆ ಒಂದಿಷ್ಟು ಕಡಿಮೆ. ಗೊತ್ತಾಗದಂತೆ ಹೋಗುವ ನಾಲ್ಕು ಸಾವಿರ. ಮೂರನೆಯ ವರ್ಷ ದಾಟಿದ ಮೇಲೂ ಹೊರಗಡೆ ಸರ್ವಿಸ್ ಮಾಡಿಸುವಂತಿಲ್ಲವಲ್ಲ. ಮೆಕ್ಯಾನಿಕ್ ದರಕ್ಕೂ ವರ್ಕ್‌ಶಾಪ್ ದರಕ್ಕೂ ಇರುವ ಅಂತರವನ್ನು ಸರ್ವಿಸ್ ಒಂದಕ್ಕೆ ಎರಡು ಸಾವಿರ ಎಂದು ಹಿಡಿದೆ. ಹತ್ತು ಸಾವಿರ ಕಿಲೋಮೀಟರಿಗೊಂದರಂತೆ ಎರಡು ವರ್ಷಕ್ಕೆ ನಾಲ್ಕು ಸರ್ವಿಸ್, ಎಂಟು ಸಾವಿರ. ಸಾಲಕ್ಕೆ ಸೇರಿಸದೆ ಕಟ್ಟಿದರೂ ನಿಜವಾದ ಖರ್ಚು 24,000. ಐವತ್ತು ಸಾವಿರದ ಒಂದು ರಿಪೇರಿ ಬರುವ ಸಂಭವ ಹೆಚ್ಚು ಕಡಿಮೆ ಅರ್ಧಕ್ಕರ್ಧ ಇದ್ದರೆ ಮಾತ್ರ ಈ ವ್ಯಾಪಾರ ಸರಿಸಮ. ಎರಡರಲ್ಲಿ ಒಂದು ಕಾರು ಹಾಗೆ ಕೆಡುವುದಾದರೆ ಕಂಪನಿ ಈ ಯೋಜನೆಯನ್ನು ಮಾರುತ್ತಿತ್ತೇ? ಲೆಕ್ಕ ಬೇಡ ಎಂದೇ ಹೇಳಿತು.

ಮಾವ ಟಿವಿ ನೋಡುತ್ತಲೇ ಕೇಳಿಸಿಕೊಳ್ಳುತ್ತಿದ್ದರು. ದಲ್ಲಾಳಿ ಅಂಗಡಿಯಲ್ಲಿ ಜೀವನ ಸವೆಸಿದವರು, ಹತ್ತಿ, ಮೆಕ್ಕೆಜೋಳ ಎರಡರ ಏರಿಳಿತವನ್ನೂ ಕಂಡವರು. "ಲೆಕ್ಕ ಸರಿ ಇದೆಯಮ್ಮ. ನಾಲ್ಕನೆಯ ವರ್ಷ ಒಂದು ದಿನ ಐವತ್ತು ಸಾವಿರ ಬೇಕು ಎಂದರೆ ಎಲ್ಲಿಂದ ತರುತ್ತೀ?" ಎಂದರು.

ನಾಲ್ಕನೆಯ ವರ್ಷಕ್ಕೆ ಮಗಳು ಎಂಜಿನಿಯರಿಂಗ್ ಸೇರಿರುತ್ತಾಳೆ. ಕಾರಿನ ಕಂತು ಇನ್ನೂ ನಡೆಯುತ್ತಿರುತ್ತದೆ. ಮನೆಯ ಮೇಲಿನ ಸಾಲ ಬೇರೆ. ಸರಾಸರಿಯ ಲೆಕ್ಕ ಸಾವಿರ ಕಾರು ಮಾರುವವರಿಗೆ ಸರಿ. ಅವರಿಗೆ ಕೆಟ್ಟ ಕಾರಿನ ಖರ್ಚನ್ನು ಕೆಡದ ಕಾರುಗಳು ಹೊರುತ್ತವೆ. ನನ್ನ ಹತ್ತಿರ ಇರುವುದು ಒಂದೇ ಕಾರು, ಅದು ಕೆಟ್ಟರೆ ನೂರಕ್ಕೆ ನೂರು ಕೆಟ್ಟ ಹಾಗೆ. ಎಂಟು ಸಾವಿರ ಹೆಚ್ಚು ಹೋದರೂ ಪರವಾಗಿಲ್ಲ, ಒಂದೇ ದಿನ ಐವತ್ತು ಸಾವಿರ ಹೊಂದಿಸುವ ಪಾಡು ಬೇಡ ಎನ್ನಿಸಿತು. ನಮ್ಮ ಮನೆಯವರು ಒಪ್ಪಲಿಲ್ಲ. ಆ ದುಡ್ಡನ್ನು ಬ್ಯಾಂಕಿನಲ್ಲಿ ಆರ್‌ಡಿ ಕಟ್ಟು, ಕೆಡದಿದ್ದರೆ ನಿನಗೇ ಉಳಿಯುತ್ತದೆ ಎಂದರು. ಶಿಸ್ತಿರುವವರಿಗೆ ಅದು ಒಳ್ಳೆಯ ದಾರಿಯೇ. ನಮ್ಮ ಮನೆಯಲ್ಲಿ ಇದುವರೆಗೆ ಕಟ್ಟಿದ ಆರ್‌ಡಿಗಳೆಲ್ಲ ಯಾವುದಾದರೂ ಗೃಹಪ್ರವೇಶದ ಉಡುಗೊರೆಗೋ ಫ್ರಿಡ್ಜಿಗೋ ಅರ್ಧದಲ್ಲಿಯೇ ಮುರಿದಿವೆ ಎಂದು ನೆನಪಿಸಿದೆ.

ಸೋಮವಾರ ಕಾಲೇಜು ಮುಗಿಸಿ ಶೋರೂಮಿಗೆ ಹೋಗಿ ಹೊಸ ಕೊಟೇಷನ್ ಬರೆಸಿದೆ. ಸೀಟ್ ಕವರಿನ ಪ್ಯಾಕೇಜು ಹೋಯಿತು. ವಿಮೆಯನ್ನು ಹೊರಗೆ ವಿಚಾರಿಸಿದ್ದ ದರ ತೋರಿಸಿದ ಮೇಲೆ ಅವರೇ ಇಳಿಸಿದರು. ವಾರಂಟಿಯನ್ನು ಸಾಲದಿಂದ ಹೊರಗಿಟ್ಟು ಬೇರೆ ಚೆಕ್ಕಿನಲ್ಲಿ ಕಟ್ಟಿದೆ. ಜಿಎಸ್‌ಟಿ ಸೇರಿದ ರಸೀದಿ ಕೈಗೆ ಬರುವವರೆಗೆ ಕುರ್ಚಿಯಿಂದ ಏಳಲಿಲ್ಲ. ಆರನೆಯ ವರ್ಷವನ್ನೂ ಸೇರಿಸಿ ಮೇಡಂ ಎಂದ ಹುಡುಗ, ಈ ಸಲ ನನ್ನ ಮುಖ ನೋಡಿಯೇ. ಬೇಡ ಎಂದೆ.

ಗಾಡಿ ಬಂದ ವಾರ ಅದನ್ನು ಮೆಕ್ಯಾನಿಕ್‌ಗೆ ತೋರಿಸಲು ಒಯ್ದೆ. ಎಂಜಿನ್ ಕೆಳಗೆ ಇಲಿ ನುಗ್ಗದಂತೆ ಒಂದು ಜಾಲರಿ ಕಟ್ಟಿಸಬೇಕಿತ್ತು. ಒಂದು ವೈರನ್ನೂ ಮುಟ್ಟಬಾರದು ಎಂದು ಮೂರು ಸಲ ಹೇಳಿದೆ. ಅವನು ಜಾಲರಿ ಬಿಗಿದು, ಹಾರ್ನ್ ಒಮ್ಮೆ ಒತ್ತಿ ನೋಡಿ, ಇಷ್ಟು ಸಣ್ಣ ಸದ್ದಿಗೆ ಹೆದ್ದಾರಿಯ ಲಾರಿಯವರು ದಾರಿ ಬಿಡುವುದಿಲ್ಲ, ಒಂದು ಒಳ್ಳೆಯ ಹಾರ್ನ್ ಹಾಕಿಕೊಡಲೇ ಎಂದು ಕೇಳಿದ. ತಲೆ ಅಲ್ಲಾಡಿಸಿದೆ. "ಸರಿ ಬಿಡಿ ಅಕ್ಕಾ, ಐದು ವರ್ಷ ಈ ಗಾಡಿಗೆ ನಾನು ಪಂಕ್ಚರ್ ಹಾಕುವುದಕ್ಕೆ ಮಾತ್ರ" ಎಂದ. ಜಾಲರಿಗೆ ಇನ್ನೂರು ರೂಪಾಯಿ ತೆಗೆದುಕೊಂಡು, ಮಾವನ ಸ್ಕೂಟರನ್ನು ಯಾವಾಗ ಕಳಿಸುತ್ತೀರಿ ಎಂದು ಕೇಳಿದ.