ಹುಟ್ಟಿದ ದಿನಾಂಕ ಮೂರು ಸಲ ಕೇಳಿದೆ

ಆಸ್ಪತ್ರೆಯ ಕ್ಯಾಶುವಾಲ್ಟಿ ಬಾಗಿಲಲ್ಲಿರುವ ಕೌಂಟರ್ ನನ್ನದು. ಒಂಬತ್ತು ವರ್ಷ ಆಯಿತು. ನಾನು ಡಾಕ್ಟರ್ ಅಲ್ಲ, ನರ್ಸ್ ಕೂಡ ಅಲ್ಲ. ಬಂದವರ ಹೆಸರು ಬರೆದುಕೊಂಡು ನಂಬರ್ ಕೊಡುವವಳು. ಆದರೆ ಗಾಬರಿಯಿಂದ ಓಡಿ ಬಂದವರು ಮೊದಲು ಮಾತಾಡುವುದು ನನ್ನ ಹತ್ತಿರ. ಇದು ಎಷ್ಟು ದೊಡ್ಡ ವಿಷಯ ಅಂತ ನನಗೆ ಅರ್ಥವಾಗಲು ಒಬ್ಬರು ಕಷ್ಟಪಡಬೇಕಾಯಿತು.

ಕೆಲಸಕ್ಕೆ ಸೇರಿದ ಮೊದಲ ವರ್ಷದ ಮಾತು. ಒಂದು ಸಂಜೆ ಒಬ್ಬ ಹೆಣ್ಣುಮಗಳು ತಂದೆಯನ್ನು ಕರೆದುಕೊಂಡು ಬಂದರು. ಅವರನ್ನು ಕುರ್ಚಿಯಲ್ಲಿ ಕೂರಿಸಿ ತಾವು ಸಾಲಿನಲ್ಲಿ ನಿಂತರು. ಸರದಿ ಬಂದಾಗ "ಅಪ್ಪನಿಗೆ ಗ್ಯಾಸ್ ಆಗಿದೆ ಅನ್ಸುತ್ತೆ, ದವಡೆ ಬೇರೆ ನೋಯ್ತಿದೆ ಅಂತಿದ್ದಾರೆ" ಅಂದರು. ನಾನು ಹಳೇ ಫೈಲ್ ನಂಬರ್ ಕೇಳಿದೆ. ಅವರ ಹತ್ತಿರ ಇರಲಿಲ್ಲ. ಹೆಸರು ಹಾಕಿ ಹುಡುಕಿದರೆ ಅದೇ ಹೆಸರಿನ ನಾಲ್ಕು ಜನ ಬಂದರು. ಹುಟ್ಟಿದ ದಿನಾಂಕ ಕೇಳಿದೆ. ಕಂಪ್ಯೂಟರಿನಲ್ಲಿದ್ದದ್ದಕ್ಕೆ ತಾಳೆ ಆಗಲಿಲ್ಲ. ಮತ್ತೆ ಕೇಳಿದೆ. ಮೂರನೇ ಸಲ ಕೇಳುತ್ತಿರುವಾಗ ಆ ಕಡೆ ಹೋಗುತ್ತಿದ್ದ ಹಿರಿಯ ಸಿಸ್ಟರ್ ಒಬ್ಬರು ಕುರ್ಚಿಯಲ್ಲಿದ್ದವರನ್ನು ನೋಡಿ ಗಕ್ಕನೆ ನಿಂತರು. ಅಂಗಿ ಬೆನ್ನಿಗೆ ಅಂಟಿಕೊಳ್ಳುವಷ್ಟು ಬೆವರು. ಮುಖ ಬಿಳಿಚಿಕೊಂಡಿತ್ತು. ಸಿಸ್ಟರ್ ಯಾರನ್ನೂ ಕೂಗಲಿಲ್ಲ, ವೀಲ್‌ಚೇರ್ ತಾವೇ ಎಳೆದು ತಂದು ಅವರನ್ನು ಒಳಗೆ ಕರೆದುಕೊಂಡು ಹೋದರು. ಇಸಿಜಿ ಮಾಡಿದರೆ ಹಾರ್ಟ್ ಅಟ್ಯಾಕ್.

ಅವರು ಉಳಿದರು. ಆದರೆ ಬಾಗಿಲಿಂದ ಇಸಿಜಿ ತಲುಪುವಷ್ಟರಲ್ಲಿ 20 ನಿಮಿಷದ ಮೇಲಾಗಿತ್ತು. ಹಾರ್ಟ್ ಅಟ್ಯಾಕ್ ಅನುಮಾನ ಇದ್ದರೆ, ರೋಗಿ ಬಂದ 10 ನಿಮಿಷದೊಳಗೆ ಇಸಿಜಿ ಆಗಿ ಅದನ್ನು ಡಾಕ್ಟರ್ ನೋಡಿರಬೇಕು. ಮುಚ್ಚಿದ ರಕ್ತನಾಳವನ್ನು ಬಲೂನ್ ಹಾಕಿ ತೆರೆಯಲು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ 90 ನಿಮಿಷ. ಆ ಲೆಕ್ಕ ಶುರುವಾಗುವುದು ಫೈಲ್ ಸಿಕ್ಕಮೇಲಲ್ಲ, ರೋಗಿ ಬಾಗಿಲು ದಾಟಿದಾಗಲೇ. ಇದು ಆ ದಿನ ನನಗೆ ಗೊತ್ತೇ ಇರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. ನಾನೂ ಕೇಳಿರಲಿಲ್ಲ.

ಕೆಲವು ವಾರ ಬಿಟ್ಟು ಆ ಹೆಣ್ಣುಮಗಳು ರಿಪೋರ್ಟಿನ ಪ್ರತಿ ತೆಗೆದುಕೊಳ್ಳಲು ಬಂದರು. ಕೂಗಾಡಲಿಲ್ಲ. "ಮೇಡಂ, ಅಪ್ಪನ ಹುಟ್ಟಿದ ದಿನ ಮೂರು ಸಲ ಕೇಳಿದ್ರಿ. ಅವರಿಗೆ ಏನಾಗ್ತಿದೆ ಅಂತ ಒಂದ್ಸಲಾನೂ ಕೇಳಲಿಲ್ಲ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಷಮೆ ಕೇಳಿದೆ.

ಆ ಸಿಸ್ಟರ್ ಹತ್ತಿರ ಹೋಗಿ ಕಲಿಸಿಕೊಡಿ ಅಂದೆ. ಅವರು ಕಲಿಸಿದ್ದು ದೊಡ್ಡ ವೈದ್ಯಶಾಸ್ತ್ರ ಏನಲ್ಲ. ಹೆಸರು ಕೇಳುವ ಮೊದಲು ತಲೆ ಎತ್ತಿ ನೋಡು. ಬಂದವರು ಹೇಗೆ ನಡೆಯುತ್ತಿದ್ದಾರೆ, ಒಂದು ವಾಕ್ಯ ಪೂರ್ತಿ ಹೇಳುವಷ್ಟು ಉಸಿರು ಇದೆಯಾ, ಬೆವರುತ್ತಿದ್ದಾರಾ, ಮುಖ ಒಂದು ಕಡೆ ವಾಲಿದೆಯಾ. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ, ಹೆಂಗಸರಿಗೆ ಹಾರ್ಟ್ ಅಟ್ಯಾಕ್ ಆದಾಗ ಎದೆನೋವು ಇಲ್ಲದೆ ಬರೀ ಸುಸ್ತು, ವಾಕರಿಕೆ, ದವಡೆ ನೋವು ಇರಬಹುದು. ಆಮೇಲೆ ಎರಡು ಪ್ರಶ್ನೆ: ಏನಾಗ್ತಿದೆ? ಯಾವಾಗಿಂದ? ಸ್ಟ್ರೋಕ್ ಅನಿಸಿದರೆ ಎರಡನೇ ಪ್ರಶ್ನೆಯನ್ನು ಬೇರೆ ಥರ ಕೇಳಬೇಕು: ಇವರು ಚೆನ್ನಾಗಿದ್ದದ್ದನ್ನು ಕೊನೆಯ ಸಲ ನೋಡಿದ್ದು ಎಷ್ಟು ಗಂಟೆಗೆ? ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಕೊಡುವುದು ನಾಲ್ಕೂವರೆ ಗಂಟೆಯೊಳಗೆ. ಆ ಗಂಟೆ ಹೇಳಬಲ್ಲವರು ಜೊತೆಗೆ ಬಂದವರೇ. ಅವರು ಗಾಡಿ ನಿಲ್ಲಿಸಿ ಬರುತ್ತೇನೆ ಅಂತ ಹೋಗುವ ಮೊದಲು ಕೇಳಿಟ್ಟುಕೊಳ್ಳಬೇಕು.

ಇನ್ನೊಂದು ಗೊತ್ತಾಗಿ ಜಾಸ್ತಿ ಬೇಜಾರಾಯಿತು. ನಮ್ಮ ಕಂಪ್ಯೂಟರಿನಲ್ಲಿ ತಾತ್ಕಾಲಿಕ ನಂಬರ್ ಕೊಡುವ ಬಟನ್ ಮೊದಲಿನಿಂದಲೂ ಇತ್ತು. ಹೆಸರು, ವಿಳಾಸ ಯಾವುದೂ ಬೇಡ. ಅಪಘಾತದಲ್ಲಿ ಪ್ರಜ್ಞೆ ತಪ್ಪಿದವರಿಗೆ ಮಾತ್ರ ಅದು ಅಂತ ನಾವೆಲ್ಲ ನಂಬಿದ್ದೆವು. ಅಂಥ ನಿಯಮ ಎಲ್ಲೂ ಬರೆದಿರಲಿಲ್ಲ. ತುರ್ತು ಅನಿಸಿದ ಯಾರಿಗೂ ಕೊಡಬಹುದಿತ್ತು. ಈಗ ನಾನು ಹೊಸಬರಿಗೆ ಮೊದಲ ದಿನ ತೋರಿಸುವುದು ಆ ಬಟನ್.

ಫೋನಿನ ಕಥೆಯೂ ಇಂಥದ್ದೇ. "ಒಂದ್ನಿಮಿಷ, ಲೈನ್ ಕೊಡ್ತೀನಿ" ಅನ್ನುತ್ತಿದ್ದೆವು. ಆ ಕಡೆ ಯಾರೂ ಎತ್ತುತ್ತಿರಲಿಲ್ಲ, ಕರೆ ಕಟ್ಟಾಗುತ್ತಿತ್ತು. ಮಾಡಿದವರ ನಂಬರ್ ಯಾರ ಹತ್ತಿರವೂ ಇಲ್ಲ. ಈಗ ಮೊದಲು ನಂಬರ್ ಬರೆದುಕೊಳ್ಳುತ್ತೇವೆ, ಆಮೇಲೆ ಎಲ್ಲಿದ್ದೀರಿ ಅಂತ ಕೇಳುತ್ತೇವೆ, ಒಳಗಿನವರು ಮಾತಾಡುವವರೆಗೆ ನಾವೂ ಲೈನಿನಲ್ಲೇ ಇರುತ್ತೇವೆ.

ಕಾಯುವವರ ಸಿಟ್ಟಿನ ಬಗ್ಗೆ ಹೇಳಲೇಬೇಕು. ತಮಗಿಂತ ತಡವಾಗಿ ಬಂದವರು ಮೊದಲು ಒಳಗೆ ಹೋದರೆ ಯಾರಿಗಾದರೂ ಉರಿಯುತ್ತದೆ ಅಲ್ವಾ? ಕ್ಯಾಶುವಾಲ್ಟಿಯಲ್ಲಿ ಸರದಿ ಬಂದ ಹೊತ್ತಿನ ಮೇಲಲ್ಲ, ಅಪಾಯದ ಮೇಲೆ. ಇದಕ್ಕೆ ಟ್ರಯಾಜ್ ಅನ್ನುತ್ತಾರೆ, ವಿಂಗಡಿಸುವುದು ಅಂತ ಅರ್ಥದ ಫ್ರೆಂಚ್ ಮಾತಿನಿಂದ ಬಂದದ್ದು. ನೆಪೋಲಿಯನ್ ಸೈನ್ಯದ ಸರ್ಜನ್ ಡಾಮಿನಿಕ್ ಲಾರೆ, ಗಾಯಾಳುವಿನ ಪದವಿ ನೋಡಬೇಡಿ, ಗಾಯ ನೋಡಿ ಅನ್ನುವ ಪದ್ಧತಿ ತಂದರು. ಹಲವು ದೇಶಗಳಲ್ಲಿ ಬಳಸುವ ಮ್ಯಾಂಚೆಸ್ಟರ್ ಪದ್ಧತಿಯಲ್ಲಿ ಐದು ಬಣ್ಣ. ಕೆಂಪಾದರೆ ಡಾಕ್ಟರ್ ತಕ್ಷಣ ನೋಡಬೇಕು, ಕಿತ್ತಳೆಗೆ ಹೆಚ್ಚೆಂದರೆ 10 ನಿಮಿಷ, ಹಳದಿಗೆ 60, ಹಸಿರಿಗೆ 120, ನೀಲಿಗೆ 240. ಈ ಪದ್ಧತಿ ಸರಿಯಾಗಿಯೇ ಇದೆ. ಆದರೆ ಹೊರಗೆ ಕೂತವರಿಗೆ ಅದನ್ನು ನಾವು ಹೇಳುತ್ತಿರಲಿಲ್ಲ. "ಕೂತ್ಕೊಳ್ಳಿ, ಕರೀತಾರೆ" ಅಷ್ಟೇ. ಈಗ ಅರ್ಧ ಗಂಟೆಗೊಮ್ಮೆ ನಾನೇ ಎದ್ದು ಹೋಗುತ್ತೇನೆ. "ಒಳಗೆ ಇಬ್ಬರ ಸ್ಥಿತಿ ತುಂಬಾ ಗಂಭೀರ ಇದೆ, ನಿಮ್ಮದು ಇನ್ನೂ ತಡ ಆಗುತ್ತೆ. ನೋವು ಜಾಸ್ತಿ ಆಗಿದೆಯಾ?" ಈ ಕೊನೆಯ ಪ್ರಶ್ನೆ ಸುಮ್ನೆ ಅಲ್ಲ. ಕಾಯುತ್ತಾ ಕೂತಲ್ಲೇ ಹಸಿರು ಇದ್ದವರು ಕಿತ್ತಳೆ ಆಗಿದ್ದನ್ನು ನೋಡಿದ್ದೇನೆ.

ಹೆಸರು ಹೇಳಿ ಮಾತಾಡುವುದನ್ನೂ ಕಲಿತೆ. ಇಂಗ್ಲೆಂಡಿನಲ್ಲಿ ಕೇಟ್ ಗ್ರೇಂಜರ್ ಅಂತ ಒಬ್ಬ ಡಾಕ್ಟರ್ ಇದ್ದರು. ಕ್ಯಾನ್ಸರ್ ಆಗಿ ತಾವೇ ರೋಗಿಯಾಗಿ ಮಲಗಿದ್ದಾಗ, ನೋಡಲು ಬಂದ ಎಷ್ಟೋ ಸಿಬ್ಬಂದಿ ತಮ್ಮ ಹೆಸರನ್ನೇ ಹೇಳುವುದಿಲ್ಲ ಅನ್ನುವುದು ಅವರ ಮನಸ್ಸಿಗೆ ನಾಟಿತು. 2013ರಲ್ಲಿ "ನಮಸ್ಕಾರ, ನನ್ನ ಹೆಸರು..." ಅಂತ ಮಾತು ಶುರು ಮಾಡುವ ಅಭಿಯಾನ ಹುಟ್ಟುಹಾಕಿದರು. 2016ರಲ್ಲಿ ತೀರಿಕೊಂಡರು. ನಾನು ಹೆಸರು ಹೇಳಿಕೊಂಡ ದಿನದಿಂದ ಜನ ನನ್ನನ್ನು ಹುಡುಕಿಕೊಂಡು ಬಂದು ಕೇಳುತ್ತಾರೆ, ಕಿರುಚಾಡುವುದು ಕಡಿಮೆಯಾಗಿದೆ.

ಎಲ್ಲ ತಪ್ಪೂ ಕೌಂಟರಿನದಲ್ಲ. ಮೇಲಿನ ವಾರ್ಡುಗಳಲ್ಲಿ ಬೆಡ್ ಖಾಲಿ ಇಲ್ಲದಿದ್ದರೆ ಕ್ಯಾಶುವಾಲ್ಟಿಯ ಸ್ಟ್ರೆಚರುಗಳೂ ಖಾಲಿಯಾಗುವುದಿಲ್ಲ. ಅದಕ್ಕೆ ನನ್ನ ನಗುಮುಖ ಔಷಧ ಅಲ್ಲ. ರಾತ್ರಿ ಪಾಳಿಯಲ್ಲಿ ಈಗಲೂ ಫೋನಿಗೂ ಕೌಂಟರಿಗೂ ಸೇರಿ ಒಬ್ಬರೇ. ಫೋನಿನಲ್ಲಿ ಒಬ್ಬರು ಅಳುತ್ತಿರುವಾಗ ಎದುರಿಗೆ ಇನ್ನೊಬ್ಬರು ಮಗುವನ್ನು ಎತ್ತಿಕೊಂಡು ನಿಂತಿರುತ್ತಾರೆ. ಇನ್ನೊಬ್ಬರು ಬೇಕು ಅಂತ ಎರಡು ಸಲ ಬರೆದುಕೊಟ್ಟೆ, ಏನೂ ಆಗಲಿಲ್ಲ. ಈ ತಿಂಗಳು ಮೂರನೇ ಅರ್ಜಿ. ಈ ಸಲ ಮೂವತ್ತು ರಾತ್ರಿಯ ಲೆಕ್ಕವನ್ನೂ ಜೊತೆಗಿಟ್ಟಿದ್ದೇನೆ. ಎಷ್ಟು ಗಂಟೆಗೆ ಫೋನ್ ಬಂತು, ಆಗ ಕೌಂಟರಿನ ಮುಂದೆ ಎಷ್ಟು ಜನ ನಿಂತಿದ್ದರು ಅಂತ ದಿನವೂ ಬರೆದಿಟ್ಟ ಲೆಕ್ಕ.