ಮದ್ದಿನಮನೆಯ ಕಾವಲು

ಚುನಾವಣೆ ಬಂತೆಂದರೆ ನಮ್ಮ ಶಿರಸಿ ಕಡೆಯ ತೋಟದ ಮನೆಗಳಿಂದ ಕೋವಿಗಳು ಪೊಲೀಸ್ ಠಾಣೆಗೆ ಹೊರಡುತ್ತವೆ. ನಮ್ಮ ಮನೆಯದ್ದೂ ಹೋಗುತ್ತದೆ. ಹಂದಿ, ಮಂಗನ ಕಾಟಕ್ಕೆಂದು ಲೈಸೆನ್ಸ್ ಮಾಡಿಸಿದ ಹಳೇ ಕೇಪಿನ ಕೋವಿ ಅದು. ಅದಕ್ಕೆ ತುಂಬುವ ಮದ್ದು ಮಾತ್ರ ಅಜ್ಜನ ಕಾಲದಲ್ಲಿ ಕೋವಿಯ ಹತ್ತಿರವೂ ಇರುತ್ತಿರಲಿಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಒಲೆಯಿಂದ ದೂರ, ನಮ್ಮ ಕೈಗೆ ಸಿಗದಷ್ಟು ಎತ್ತರದಲ್ಲಿ. ‘ಮದ್ದಿಗೆ ನೀರೂ ಆಗ್ತಿಲ್ಲೆ, ಬೆಂಕಿಯೂ ಆಗ್ತಿಲ್ಲೆ’ ಎನ್ನುತ್ತಿದ್ದ.

ಶಸ್ತ್ರಾಗಾರಗಳ ಇತಿಹಾಸ ಓದುವಾಗೆಲ್ಲ ನನಗೆ ಈ ಮಾತೇ ಎದುರಾಗುತ್ತದೆ. ಕರಿಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು ಮತ್ತು ಗಂಧಕ. ಥಂಡಿ ಹಿಡಿದರೆ ಈಡು ಹಾರುವುದಿಲ್ಲ. ಕಿಡಿ ತಾಗಿದರೆ ಉಳಿಯುವುದಿಲ್ಲ. ವೆನಿಸ್‌ನ ಶಸ್ತ್ರಾಗಾರ ಆರ್ಸೆನಾಲೆ ಹಡಗು ಕಟ್ಟುವುದರಲ್ಲಿ ಯುರೋಪಿಗೇ ಹೆಸರಾಗಿತ್ತು. 1569ರಲ್ಲಿ ಅಲ್ಲಿನ ಮದ್ದಿಗೇ ಬೆಂಕಿ ಬಿದ್ದು ದೊಡ್ಡ ಸ್ಫೋಟವಾಯಿತು.

ಶ್ರೀರಂಗಪಟ್ಟಣದ ಮದ್ದಿನಮನೆಗಳನ್ನು ನೋಡಿದ್ದೀರಾ? ಇಟ್ಟಿಗೆ, ಗಾರೆ, ದಪ್ಪ ಗೋಡೆ. ಎಲ್ಲ ಮದ್ದನ್ನೂ ಒಂದೇ ಕಡೆ ಪೇರಿಸಿಲ್ಲ, ಕೋಟೆಯ ಬೇರೆ ಬೇರೆ ಕಡೆ ಕಟ್ಟಿದ್ದಾರೆ. ಒಂದು ಹೋದರೂ ಇನ್ನೊಂದು ಉಳಿಯಬೇಕಲ್ವಾ? 1799ರ ಮೇ 2ರಂದು ಬ್ರಿಟಿಷರ ಗುಂಡೊಂದು ಟಿಪ್ಪುವಿನ ರಾಕೆಟ್ ದಾಸ್ತಾನಿಗೇ ಬಿದ್ದು ಸಿಡಿಯಿತು. ಎರಡೇ ದಿನದಲ್ಲಿ ಕೋಟೆಯೂ ಹೋಯಿತು, ಟಿಪ್ಪುವೂ ಹೋದ. ಗೆದ್ದವರು ಉಳಿದ ರಾಕೆಟ್‌ಗಳಲ್ಲಿ ಕೆಲವನ್ನು ಲಂಡನ್ನಿನ ವುಲಿಚ್ ಶಸ್ತ್ರಾಗಾರಕ್ಕೆ ಸಾಗಿಸಿದರು. ಇಂಗ್ಲೆಂಡಿನ ವಿಲಿಯಂ ಕಾಂಗ್ರೀವ್ ಅವುಗಳನ್ನು ನೋಡಿ ತನ್ನ ರಾಕೆಟ್ ಮಾಡಿದ. ಶತ್ರುವಿನ ಆಯುಧವನ್ನು ಬಿಚ್ಚಿ ಕಲಿಯುವುದೂ ಶಸ್ತ್ರಾಗಾರದ ಕೆಲಸವೇ. ನಮ್ಮವರ ಕಬ್ಬಿಣದ ಕೊಳವೆಯ ರಾಕೆಟ್ ಹೀಗೆ ಪರರ ಪಾಲಾಯಿತಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ. 2017ರಲ್ಲಿ ರೈಲು ಹಳಿ ಜೋಡಿ ಮಾಡುವಾಗ ಅಡ್ಡಬಂದ ಒಂದು ಮದ್ದಿನಮನೆಯನ್ನು ಒಡೆಯದೆ, ಇಡಿಯಾಗಿ ಪಕ್ಕಕ್ಕೆ ಸರಿಸಿದರು. ಬಹಳ ಒಳ್ಳೆಯ ಕೆಲಸ ಅದು.

ಘಟ್ಟ ಇಳಿದು ಕಾರವಾರಕ್ಕೆ ಹೋದರೆ ಕಡಲ ದಂಡೆಯಲ್ಲಿ ಐಎನ್ಎಸ್ ಚಪಲ್ ನಿಂತಿದೆ. 1976ರಲ್ಲಿ ನೌಕಾಪಡೆ ಸೇರಿ 2005ರಲ್ಲಿ ನಿವೃತ್ತಿಯಾದ ಪುಟ್ಟ ಯುದ್ಧನೌಕೆ, ಈಗ ಮ್ಯೂಸಿಯಂ. ಎಲ್ಲರೂ ಅದರ ಕ್ಷಿಪಣಿಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಆ ರಷ್ಯನ್ ಕ್ಷಿಪಣಿ ದ್ರವ ಇಂಧನದ್ದು. ಒಂದು ಕಡೆ ಇಂಧನ, ಇನ್ನೊಂದು ಕಡೆ ನೈಟ್ರಿಕ್ ಆಮ್ಲದ ದ್ರಾವಣ. ಎರಡೂ ಸೇರಿದ ಕೂಡಲೇ ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಎರಡೂ ವಿಷ. ಅವನ್ನು ಬೇರೆ ಬೇರೆ ಇಟ್ಟು, ತುಂಬಿ, ಕಾದವರ ಕೆಲಸ ಹಾರಿಸಿದವರದ್ದಕ್ಕಿಂತ ಕಡಿಮೆಯದ್ದಲ್ಲ. ಗುಂಡಿ ಒತ್ತಿದವರ ಹೆಸರು ಉಳಿಯುತ್ತದೆ, ಉಗ್ರಾಣ ಕಾದವರದ್ದು ಉಳಿಯುವುದಿಲ್ಲ.

ಅಲ್ಲಿಂದ ದಕ್ಷಿಣಕ್ಕೆ, ಅರ್ಗಾ ಕಡೆ, ಕದಂಬ ನೌಕಾನೆಲೆ. 1986ರಲ್ಲಿ ಶಂಕುಸ್ಥಾಪನೆಯಾಗಿ 2005ರಲ್ಲಿ ಕಾರ್ಯಾರಂಭವಾಯಿತು. ಹಡಗನ್ನೇ ನೀರಿನಿಂದ ಎತ್ತಿ ದುರಸ್ತಿ ಮಾಡುವ ವ್ಯವಸ್ಥೆ ಅಲ್ಲಿದೆ. ಇಂಥ ನೆಲೆಗೆ ಜಾಗ ಜಾಸ್ತಿಯೇ ಬೇಕು. ರಕ್ಷಣಾ ಕಟ್ಟಡಗಳ ಸುತ್ತ ಮನೆ ಕಟ್ಟದಂತೆ ತಡೆಯಲು 1903ರಿಂದಲೇ ಕಾಯ್ದೆ ಇದೆ. ಅದು ಸರಿಯೇ. ಆದರೆ ಕದಂಬಕ್ಕಾಗಿ ಮನೆ, ಗದ್ದೆ, ದೋಣಿ ಎಳೆಯುತ್ತಿದ್ದ ದಂಡೆ ಬಿಟ್ಟುಕೊಟ್ಟ ಸಾವಿರಾರು ಕುಟುಂಬಗಳಿವೆ. ಚಪಲ್ ನೋಡಲು ಬರುವ ಶಾಲಾ ಮಕ್ಕಳಿಗೆ ಕ್ಷಿಪಣಿಯ ಜೊತೆಗೆ ಆ ಊರುಗಳ ಹೆಸರನ್ನೂ ಹೇಳಿಕೊಡಬೇಕು ಎಂಬುದು ನನ್ನ ಆಸೆ.